ತಪ್ಪಿದ್ದರ ಲೆಕ್ಕ

ಬೈತಖೋಲ ಬಂದರಿನ ಮೇಲುಮಹಡಿ. ತಗಡಿನ ಮೇಜು,
ಒಂದು ದುರ್ಬೀನು, ಉಪ್ಪು ಹಿಡಿದು ನರಳುವ ಫ್ಯಾನು.
ನನಗೆ ಕೊಟ್ಟ ಕೆಲಸ ಇಷ್ಟೆ:
ಇಷ್ಟಗಲದ ನೀರಿನಲ್ಲಿ ಇಷ್ಟು ಹಡಗು ಓಡಾಡಿದರೆ
ಎಷ್ಟು ವರ್ಷಕ್ಕೊಂದು ಡಿಕ್ಕಿ?

ಅದಕ್ಕೊಂದು ವಿಧಾನವುಂಟು.
ಪ್ರತಿ ಹಡಗಿನ ಸುತ್ತ ಕಾಣದ ಮೊಟ್ಟೆಯೊಂದನ್ನು ಬರೆಯಬೇಕು,
ಮುಂದಕ್ಕೆ ಉದ್ದ, ಹಿಂದಕ್ಕೆ ಗಿಡ್ಡ,
ಬಲಕ್ಕೆ ತುಸು ಉಬ್ಬು.
ಆ ಮೊಟ್ಟೆಯೊಳಗೆ ಇನ್ನೊಂದರ ಮೂತಿ ತೂರಿದರೆ
ಗೀಟು ಹಾಕು.
ಇಷ್ಟು ಸಾವಿರ ಗೀಟಿಗೆ ಒಂದು ನಿಜದ ಡಿಕ್ಕಿ ಎಂದು
ಯಾವುದೋ ತಣ್ಣನೆಯ ಕಡಲಿನವರು ಅಂಕಿ ತೆಗೆದಿದ್ದಾರೆ.
ನಮ್ಮ ನೀರಿಗೂ ಅದೇ ಅಂಕಿ,
ಬೇರೆ ಯಾರೂ ಎಣಿಸಿಲ್ಲ.

ಡಾಂಬರು ತಂದ ಹಡಗಿನ ಮೊಟ್ಟೆ ದೊಡ್ಡದು.
ದೇವಗಡದ ದೀಪ ದಾಟಿ ಒಳಕ್ಕೆ ತಿರುಗಿತೆಂದರೆ
ನಿಲ್ಲು ಅಂದರೆ ನಿಲ್ಲದು,
ಇಂಜಿನು ಹಿಂದಕ್ಕೆ ಹೊಡೆದರೂ ಅರ್ಧ ಮೈಲಿ ಹೋಗಿಯೇ ಹೋಗುತ್ತದೆ
ಪಂಕ್ತಿ ಬಿಟ್ಟೆದ್ದ ಬೀಗರ ಹಾಗೆ.
ಪರದೆಯಲ್ಲಿ ಅದು ಹಸಿರು ತ್ರಿಕೋನ,
ಹೆಸರು, ವೇಗ, ದಿಕ್ಕು, ಕೇಳದೆಯೇ ಹೇಳುತ್ತದೆ.
ಉಳಿದ ನೀರು ಖಾಲಿ.
ಕಣ್ಣೆತ್ತಿ ಕಿಟಕಿಯಲ್ಲಿ ನೋಡಿದರೆ
ಖಾಲಿಯ ತುಂಬ ದೋಣಿ.

ಅಂದು ಆಗಸ್ಟಿನ ಮೊದಲ ದಿನ.
ಎರಡು ತಿಂಗಳು ದಡಕ್ಕೆ ಕಟ್ಟಿದ್ದ ಟ್ರಾಲರುಗಳೆಲ್ಲ
ಒಮ್ಮೆಲೇ ಹಗ್ಗ ಬಿಚ್ಚಿದ್ದವು.
ಬದಿಗೆ ಬದಿ ಉಜ್ಜಿ ಹಳೆ ಟೈರುಗಳು ಕಿರ್ರೆಂದು,
ಮಂಜುಗಡ್ಡೆ, ಡೀಸೆಲ್ಲು, ಅಬ್ಬಲಿಗೆ ಮಾಲೆ,
ಒಂದು ದೋಣಿಯಿಂದ ಇನ್ನೊಂದಕ್ಕೆ ಎಸೆದ ಬೀಡಿಕಟ್ಟು, ಅದರ ಹಿಂದೆಯೇ ಬೈಗುಳ.
ಗೀಟು ಹಾಕುತ್ತಲೇ ಹೋದೆ.
ಅರ್ಧ ಗಂಟೆಗೆ ಮುನ್ನೂರ ಹನ್ನೊಂದು.
ಆ ತಣ್ಣನೆಯ ಅಂಕಿಯನ್ನು ನಂಬುವುದಾದರೆ
ಗೌರಿಹಬ್ಬದ ಹೊತ್ತಿಗೆ ನಮ್ಮ ಬಂದರಿನಲ್ಲಿ
ದೋಣಿಯೇ ಉಳಿಯಬಾರದು.

ಕೆಳಗಿಳಿದು ಸೋಯರು ದುರ್ಗೇಕರರನ್ನು ಕೇಳಿದೆ.
ಮೂವತ್ತೇಳು ವರ್ಷ ಚುಕ್ಕಾಣಿ ಹಿಡಿದವರು,
ಈಗ ಬಲೆಯ ಹರಕಿಗೆ ಸೂಜಿ ಹಾಕುವವರು.
ಹತ್ತು ವರ್ಷದಲ್ಲಿ ಇಲ್ಲಿ ಎಷ್ಟು ಅಪಘಾತ?
“ಆದದ್ದೋ, ಆಗದ್ದೋ?” ಅಂದರು.
ನನ್ನ ಫಾರಮಿನಲ್ಲಿ ಒಂದೇ ಕಾಲಮ್ಮಿತ್ತು.

“ಆದದ್ದು ನಾಲ್ಕು. ಪೊಲೀಸರ ಹತ್ರ ಬರೆದದ್ದುಂಟು, ಹೋಗಿ ನೋಡು.
ಆಗದ್ದು ಕೇಳು, ಬಾಯೇ.
ಮಳೆಗಾಲ ಮುಗಿದಿರಲಿಲ್ಲ, ರಾತ್ರಿ. ನಾನು ಹೊರಗಿಂದ ಬರ್ತಿದ್ದೆ.
ಹೆದ್ದಾರಿಯ ದೀಪದ ಸಾಲಿನಲ್ಲಿ
ಹಡಗಿನ ಕೆಂಪುದೀಪ ಯಾವುದು, ಲಾರಿಯದು ಯಾವುದು?
ತಿಳಿದಾಗ ಹಡಗು ಆಕಾಶದಷ್ಟಿತ್ತು.
ಬಲಕ್ಕೆ ತಿರುಗು ಅಂತದೆ ನಿಯಮ.
ಬಲಕ್ಕೆ ಯಶವಂತನ ದೋಣಿ, ಅವನ ಬಲೆ ನೀರಲ್ಲಿ.
ಎಡಕ್ಕೆ ಕಲ್ಲು.
ಇಂಜಿನ್ ಬಂದ್ ಮಾಡಿ ಸುಮ್ಮನೆ ನಿಂತೆ.
ಕಬ್ಬಿಣದ ಗೋಡೆ ಹೋಗ್ತಾ ಇತ್ತು, ಹೋಗ್ತಾನೇ ಇತ್ತು,
ಕೈ ಚಾಚಿದ್ರೆ ಸಿಗ್ತಿತ್ತು, ಚಾಚಲಿಲ್ಲ.
ಡಾಂಬರಿನ ವಾಸನೆ.
ಮೇಲೆ ಯಾರೋ ಪಾತ್ರೆ ತೊಳೀತಿದ್ದರು,
ತಾಟಿಗೆ ತಾಟು ತಾಗುವ ಸದ್ದು.
ಅವರಿಗೆ ಗೊತ್ತೇ ಇಲ್ಲ.
ಮನೆಗೆ ಬಂದೆ. ಯಾಕೆ ತಡ ಅಂದಳು ಹೆಂಡತಿ.
ಏನಿಲ್ಲ ಅಂದೆ.
ಈ ಏನಿಲ್ಲ ಅನ್ನೋದನ್ನ ನೀನು ಎಲ್ಲಿ ಬರೀತೀ?”

ಸೂಜಿ ಮತ್ತೆ ಬಲೆಯೊಳಗೆ ಇಳಿಯಿತು.

ವರದಿ ಬರೆದೆ.
ಸಂಭವ ಎರಡು, ಪರಿಣಾಮ ಐದು, ಗುಣಿಸಿದರೆ ಹತ್ತು,
ಹತ್ತಕ್ಕೆ ಹಳದಿ ಬಣ್ಣ.
ಹಳದಿ ಅಂದರೆ ಗಮನವಿರಲಿ,
ಯಾರದು, ಎಲ್ಲಿಂದ, ಎಂದು ಅದು ಹೇಳುವುದಿಲ್ಲ.
ಮುನ್ನೂರ ಹನ್ನೊಂದನ್ನು ಯಾರೂ ನಂಬುವುದಿಲ್ಲವೆಂದು ಬಿಟ್ಟುಬಿಟ್ಟೆ,
ಈಗಲೂ ಅದೊಂದು ಚುಚ್ಚುತ್ತದೆ.
ಕಾಲಮ್ಮಿಲ್ಲದ್ದರಿಂದ ಅಂಚಿನಲ್ಲಿ ಪೆನ್ಸಿಲಿನಿಂದ
ಒಂದೇ ಸಾಲು ಬರೆದೆ,
ಮೇಲೆ ಯಾರೋ ಪಾತ್ರೆ ತೊಳೆಯುತ್ತಿದ್ದರು.

ತಿಂಗಳು ಬಿಟ್ಟು ಕಾಗದ ವಾಪಸು ಬಂತು.
ಎಲ್ಲ ಸರಿಯಿದೆ ಎಂದು ಸಹಿ.
ಆ ಸಾಲಿಗೆ ಮಾತ್ರ ಪ್ರಶ್ನೆಯ ಚಿಹ್ನೆ,
ಸುತ್ತ ಕೆಂಪು ಶಾಯಿಯಲ್ಲಿ, ಅವಸರದ ಕೈ,
ಬರೆದಿದ್ದರು ಒಂದು ಮೊಟ್ಟೆ
ಮುಂದಕ್ಕೆ ಉದ್ದ, ಹಿಂದಕ್ಕೆ ಗಿಡ್ಡ.