ಬೆಸುಗೆ

ಮೂವತ್ತೊಂದು ವರ್ಷ ಹಡಗುಕಟ್ಟೆಯಲ್ಲಿ
ಉಕ್ಕಿಗೆ ಉಕ್ಕು ಬೆಸೆದವಳು ಸೊಲೆನ್.
ಈಗ ಸಾನ್ ನಜೇರಿನ ಮೂರನೇ ಮಹಡಿಯಲ್ಲಿ
ಒಂದು ಬಟ್ಟಲು ಸಾಸಿಗೆ ಸೋತು ಕೂತಿದ್ದಾಳೆ.

ಸಣ್ಣೀರುಳ್ಳಿ ಹೆಚ್ಚಿದ್ದು ಸರಿ,
ವೈನು, ವಿನಿಗರ್ ಬತ್ತಿ ಚಮಚದಷ್ಟಾದದ್ದೂ ಸರಿ;
ಬೆಣ್ಣೆ ಬಿದ್ದದ್ದೇ ಒಡೆಯಿತು.
ಮೇಲೆ ಹಳದಿ ಎಣ್ಣೆ, ತಳದಲ್ಲಿ ಹುಳಿನೀರು,
ಮುಖ ತಿರುವಿ ಕೂತ ದಾಯಾದಿಗಳ ಹಾಗೆ.

ಉರಿ ಸಾಲದೇನೋ ಎಂದು ಇನ್ನಷ್ಟು ಏರಿಸಿದಳು.
ಕೈಗೆ ಗೊತ್ತಿದ್ದದ್ದು ಅದೊಂದೇ:
ಕೂಡದಿದ್ದರೆ ಕಾಯಿಸು.

ಮೂರನೇ ಸಲ, ಬೆಣ್ಣೆ ಹಾಕುವ ಮೊದಲೇ
ಬೀದಿಯಲ್ಲಿ ಯಾರೋ ಹಾರ್ನ್ ಹೊಡೆದರು.
ಪಾತ್ರೆ ಹಿಡಿದೇ ಕಿಟಕಿಗೆ ಹೋದಳು.
ಮೀನಿನ ವ್ಯಾನು.
ಕಡಲಗಾಳಿ ಮುಖಕ್ಕೆ ಬಡಿಯಿತು.
ಕಿಟಕಿಯಂಚಲ್ಲಿ ತಣ್ಣಗೆ ಕೂತಿದ್ದ ಬೆಣ್ಣೆಯ ಚೂರೊಂದನ್ನು
ಸುಮ್ಮನೆ ಹಾಕಿ ಕದಡಿದಳು,
ಇನ್ನೊಂದು,
ಮತ್ತೊಂದು.

ಕೂಡಿತು! ದಪ್ಪಗೆ, ದಂತದ ಬಣ್ಣಕ್ಕೆ,
ಎಲ್ಲಿ ಯಾವುದು ಮುಗಿಯಿತೆಂದು ತಿಳಿಯದಂತೆ.

'ಬೆಂಕಿಯಿಂದ ಎತ್ತಿ ಬೆಸೆಯುವುದೂ ಉಂಟೇ?
ಯಾವ ಪಾಳಿಯಲ್ಲೂ ಯಾರೂ ಹೇಳಲಿಲ್ಲವಲ್ಲ'
ಎಂದು ಗೊಣಗಿ ಕೆಳಗೆ ನೋಡಿದರೆ
ಮೀನಿನ ವ್ಯಾನು ತಿರುವು ದಾಟಿತ್ತು.

ನಿನ್ನೆಯ ಬ್ರೆಡ್ಡು ಮುರಿದು, ಅದ್ದಿ,
ನಿಂತಲ್ಲೇ ಅಷ್ಟನ್ನೂ ತಿಂದಳು.