ಠೇವಣಿ

ಚುನಾವಣೆ ಬಂತೆಂದರೆ ನನ್ನ ಮೇಜಿಗೆ
ದುರ್ಗದ ಕೋವಿಗಳೆಲ್ಲ ನಡೆದು ಬರುತ್ತವೆ,
ಹಳೇ ಸೀರೆ ಸುತ್ತಿಕೊಂಡು, ಗೋಣಿಚೀಲದಲ್ಲಿ,
ಒಂದು ಸಲವಂತೂ ತೊಟ್ಟಿಲ ಬಟ್ಟೆಯಲ್ಲಿ.
ನಳಿಗೆ ಮಡಚಿ ಕಣ್ಣಿಟ್ಟರೆ ಖಾಲಿ,
ಆಚೆ ತುದಿಗೆ ಒಂದು ಕಾಸಿನಷ್ಟು ಬೆಳಕು.
ನಂಬರು ಬರೆದು, ರಟ್ಟಿನ ಚೀಟಿ ಕಟ್ಟಿ
ರಸೀದಿ ಹರಿದು ಕೊಡುತ್ತೇನೆ.
ಸಹಿ: ಹೆಡ್ ಕಾನ್‌ಸ್ಟೇಬಲ್ ಮಾರಕ್ಕ.

ಕ್ವಾರಿಯ ಗುರುಶಾಂತಪ್ಪ ಕೂರುವುದಿಲ್ಲ.
ಸೊಂಟದ ಮೂವತ್ತೆರಡರ ರಿವಾಲ್ವರು
ಮೇಜಿಗೆ ಇಳಿದ ಮೇಲೂ ಕೈ ಅದರ ಮೇಲೇ.
"ಏಳು ಸುತ್ತಿನ ಕೋಟೆಯ ಊರಮ್ಮ ಇದು,
ಆಯುಧ ನಮ್ಮ ರಕ್ತದಲ್ಲಿದೆ. ನನ್ನ ಹಕ್ಕು."
ರಿಜಿಸ್ಟರಿನಲ್ಲಿ ಹಕ್ಕಿನ ಕಾಲಂ ಹುಡುಕಿದೆ.
ಪರವಾನಗಿ ಸಂಖ್ಯೆ ಇತ್ತು. ತೋಟಾ ಎಷ್ಟು ಇತ್ತು. ಷರಾ ಇತ್ತು.

ಅವನ ಹಿಂದೆ ಜೋಗಿಮಟ್ಟಿ ಕಡೆಯ ಓಬಳಯ್ಯ.
ಬಾಯಿಂದ ಮದ್ದು ತುಂಬುವ ಒಂಟಿನಳಿಗೆ, ಹಂದಿ ಓಡಿಸಲು.
ಎರಡು ವರ್ಷದಲ್ಲಿ ಹೊಡೆದದ್ದು ಮೂರು ಸಲ,
ಮೂರೂ ಆಕಾಶಕ್ಕೆ.
"ಹಂದಿಗೇನು ಗೊತ್ತವ್ವ ಎಲೆಕ್ಷನ್ನು,
ಶೇಂಗಾ ಕಾಯಿ ಕಟ್ಟೋ ಹೊತ್ತು" ಎಂದ.
ಆಮೇಲೆ ಗುರುಶಾಂತಪ್ಪನ ಕಡೆ ತಿರುಗಿ ಮೆಲ್ಲಗೆ:
"ಸಾವ್ಕಾರ್ರೆ, ಕೋಟೆ ಬಂದೂಕು ಯಾವನ ಮನೇಗೂ ಹೋಗ್ತಿರಲಿಲ್ಲಂತೆ.
ಕಾವಲು ಮುಗಿದ ಮೇಲೆ ಎಣಿಸಿ ಒಳಗಿಡೋರಂತೆ.
ನಮ್ಮ ಮುತ್ತಾತನ ಮುತ್ತಾತ ಮದ್ದು ಬೀಸೋನು,
ಮನೇಗೆ ಬಿಡೋ ಮುಂಚೆ ಉಗುರುಸಂದಿ ಸಮೇತ ತೊಳೆಸೋರಂತೆ."
ನಿಜವೋ ಸುಳ್ಳೋ. ಸಾಲು ನಕ್ಕಿತು.
ರಿವಾಲ್ವರಿನ ಮೇಲಿಂದ ಕೈ ಎದ್ದಿತು.

ಬೀಸುವ ಆ ಕಲ್ಲುಗಳು ಮೇಲೆ ಇನ್ನೂ ಇವೆ,
ಗುಂಡಿಯೊಳಗೆ ನಾಲ್ಕು, ಆಳೆತ್ತರ.
ಭಾನುವಾರ ಮಗಳನ್ನು ಕರೆದೊಯ್ದಿದ್ದೆ.
ಹುಡುಗರು ಇಳಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು.
ಗೈಡು ಕೈಯೆತ್ತಿ ಒನಕೆಯ ಕಥೆ ಶುರುಮಾಡಿದ.
"ಅಮ್ಮಾ, ಒನಕೆಗೆ ಲೈಸೆನ್ಸ್ ಇತ್ತಾ?"
ನಗಲಾಗಲಿಲ್ಲ. ಅದು ಅಡುಗೆಮನೆಯಿಂದ ಬಂತು,
ಅಷ್ಟು ಎಲ್ಲರಿಗೂ ಗೊತ್ತು.
ಆಮೇಲೆ ಎಲ್ಲಿಗೆ ಹೋಯಿತೋ ಯಾರೂ ಹೇಳುವುದಿಲ್ಲ.
ತೊಳೆದು, ಒಣಗಿಸಿ,
ಮರುದಿನ ಅದರಲ್ಲೇ ನವಣೆ ಕುಟ್ಟಿದರೇ?

ದೊಡ್ಡಪೇಟೆಯ ನನ್ನ ತವರಿನಲ್ಲಿ ಬಾಗಿಲಿಗೆ ಅಡ್ಡ
ಒಂದು ಕಬ್ಬಿಣದ ಗುಂಡಿದೆ, ತೆಂಗಿನಕಾಯಿ ಗಾತ್ರ.
ಯಾವ ತೋಪಿನದೋ, ಯಾರ ಕಡೆಯದೋ.
ಗಾಳಿಗೆ ಬಾಗಿಲು ಬಡಿಯದಿರಲೆಂದು ಅಜ್ಜಿ ಇಟ್ಟದ್ದು.
ಅದನ್ನು ಹಿಡಿದೇ ನಾನು ಮೊದಲು ಎದ್ದುನಿಂತದ್ದಂತೆ.
ಅದು ನಮ್ಮಲ್ಲಿ ಮಾಡಿದ ಒಟ್ಟು ಹಾನಿ
ಚಿಕ್ಕಪ್ಪನ ಎಡಗಾಲ ಹೆಬ್ಬೆರಳು.

ಮತ ಎಣಿಕೆಯಾದ ವಾರಕ್ಕೆ ಮತ್ತೆ ಸಾಲು.
ಗುರುಶಾಂತಪ್ಪ ಮೊದಲಿಗ. ತೋಟಾ ಎರಡು ಸಲ ಎಣಿಸಿದ.
"ಇಷ್ಟು ದಿನ ರಾತ್ರಿ ನಿದ್ದೆ ಇಲ್ಲಮ್ಮ" ಅಂದ.
ಹಕ್ಕಿನ ಮಾತು ಎತ್ತಲಿಲ್ಲ. ಬೆರಳು ನಡುಗುತ್ತಿದ್ದವು.
ಪಾಪ ಅನ್ನಿಸಿತು.
ಗುಂಡು ತುಂಬುವುದು ನೋಡಿ ಹೆದರಿಕೆಯೂ ಆಯಿತು.

ಓಬಳಯ್ಯ ಬರಲಿಲ್ಲ. ಫೋನು ಮಾಡಿದೆ.
"ಇರಲಿ ಬಿಡವ್ವ ಅಲ್ಲೇ. ತಗಡಿನ ಡಬ್ಬ ಬಡಿದು ನೋಡಿದೆ,
ಅಷ್ಟಕ್ಕೇ ಓಡ್ತಾವೆ. ಕೆಲವು ಓಡಲ್ಲ.
ಅವು ತಿನ್ನಲಿ ಒಂದು ಸಾಲು."

ಹಾಗೆ ಬಿಡಲು ಬರುವುದಿಲ್ಲ, ನಿಯಮವಿದೆ.
ಷರಾ ಕಾಲಂ ಮುಂದೆ ಪೆನ್ನು ಹಿಡಿದು ಕೂತಿದ್ದೇನೆ.
ಖಾಲಿ ಮಾಲಖಾನೆಯಲ್ಲಿ ಒಂದೇ ಚೀಟಿ
ಫ್ಯಾನಿನ ಗಾಳಿಗೆ ತಿರುಗುತ್ತಿದೆ.
ಬಾಗಿಲು ಬಡಿಯುತ್ತಿದೆ,
ಅಡ್ಡ ಇಡಲು ಏನಾದರೂ ಬೇಕು.