ತಿರುಗಿದ್ದು

ಮೊದಲೇ ಹೇಳಿಬಿಡುತ್ತೇನೆ, ನನಗೆ ಕರೆಂಟೆಂದರೆ ಭಯ.
ದುರ್ಗಿಗುಡಿಯ ಓಣಿಯೊಂದರಲ್ಲಿ ಮೂವತ್ತೊಂದು ವರ್ಷ
ಅಚ್ಚಿನ ಮೊಳೆ ಜೋಡಿಸಿದವನು:
ಲಗ್ನಪತ್ರಿಕೆ, ಅಕ್ಕಿ ಗಿರಣಿಯ ರಸೀದಿ, ಸೊಸೈಟಿ ಚುನಾವಣೆಯ ಕರಪತ್ರ,
ಒಮ್ಮೆ ಒಬ್ಬರ ವೈಕುಂಠ ಸಮಾರಾಧನೆಗೆ
ಅವರಿನ್ನೂ ಉಸಿರಾಡುತ್ತಿದ್ದಾಗಲೇ ಪ್ರೂಫು ತೆಗೆದಿದ್ದೆ.

ಪ್ರೆಸ್ಸು ಮುಚ್ಚಿತು. ಟ್ರೆಡಲ್ಲು ಗುಜರಿಗೆ,
ಮೊಳೆಗಳು ಕಿಲೋ ಲೆಕ್ಕದಲ್ಲಿ.
ಈಗ ಅದೇ ಓಣಿಯ ತುದಿಯಲ್ಲಿ
ಯುಪಿಎಸ್ಸು, ಮಿಕ್ಸರು ರಿಪೇರಿ ಮಾಡುವ ಜೆಸಿಂತಾ
ನನಗೆ ಸರ್ಕ್ಯೂಟ್ ಹಲಗೆ ಬರೆಯಲು ಕಲಿಸುತ್ತಾಳೆ.
ಸಂಜೆ ಆರೂವರೆಗೆ. ಫೀಸು: ಬರುವಾಗ ಎರಡು ಟೀ.

ವಠಾರದ ತೊಟ್ಟಿ ದಿನಾ ತುಂಬಿ ಮೆಟ್ಟಿಲಿಳಿಯುತ್ತದೆ.
ತುಂಬಿದಾಗ ಕೂಗುವ ಒಂದು ಯಂತ್ರ,
ನನ್ನ ಆಸೆ ಅಷ್ಟೇ.

"ನಕ್ಷೆಯಲ್ಲಿ ಗೆರೆ ಗೆರೆಯನ್ನು ದಾಟಲಿ ಅಂಕಲ್,
ತಾಮ್ರದಲ್ಲಿ ದಾಟಿದರೆ ಹೊಗೆ."
ಹೆಂಡತಿ ಇಣುಕಿ, ರಂಗೋಲಿ ಹಾಗಿದೆಯಲ್ಲ ಅಂದಳು.
ಇಲ್ಲ ಮಾರಾಯ್ತಿ, ರಂಗೋಲಿಯ ಎಳೆ ಒಂದನ್ನೊಂದು ತಬ್ಬಬಹುದು,
ಇಲ್ಲಿ ಸೋಕಿದರೂ ಕೆಟ್ಟಿತು.

ಮೂರು ಸಂಜೆ ಒಂದೇ ಗೆರೆಗೆ ದಾರಿ ಸಿಗಲಿಲ್ಲ.
ರೆಸಿಸ್ಟರನ್ನು ತಿರುಗಿಸಿದೆ, ಕೆಪಾಸಿಟರನ್ನು ಮೂಲೆಗೆ ತಳ್ಳಿದೆ,
ಒಂದು ಬಿಡಿಸಿದರೆ ಇನ್ನೊಂದು ಸಿಕ್ಕು,
ಗಾಂಧಿ ಬಜಾರಿನಲ್ಲಿ ಎದುರುಬದುರಾದ ಲಗೇಜ್ ಆಟೋಗಳು.
ನಾಲ್ಕನೇ ದಿನ ಹೊಳೆಯಿತು:
ಅಯ್ಯೋ, ಇದು ಪುಟ ಕಟ್ಟುವ ಕೆಲಸ!
ಗೆರೆಗಳ ನಡುವೆ ಲೆಡ್ಡು ಹಾಕಿದಂತೆ ಬಿಡುವು.
ದಾಟಲೇಬೇಕಾದಲ್ಲಿ ಮೇಲಿಂದ ಹಾರಿಸುವ ತಂತಿ,
ಸಾಲಿನಲ್ಲಿ ಜಾಗವಿಲ್ಲದೆ ಕೆಳಗಿಳಿದ ಒತ್ತಕ್ಷರದ ತಂಗಿ.
ಖಾಲಿ ಉಳಿದ ಮೂಲೆಯಲ್ಲಿ ಹೆಸರು ಕೂರಿಸಿದೆ: ತೊಟ್ಟಿ.
ಪರದೆಯ ಮೇಲೆ ಅದು ತಿರುಗಿಯೇ ಇತ್ತು,
ಸ್ಟಿಕ್ಕಿನಲ್ಲಿ ಇರುತ್ತಿದ್ದ ಹಾಗೆ.
ತಿರುಗಿದೆ ಅಂತ ನನಗನ್ನಿಸಲೇ ಇಲ್ಲ.

ಪ್ರಿಂಟು ಕೊಡುವಾಗ ಪುಟ್ಟ ಚೌಕವೊಂದು ಕೇಳಿತು:
ಕನ್ನಡಿ ಬಿಂಬ ಬೇಕೆ?
ಕೇಳುವುದೇನು ಬಂತು,
ಅಚ್ಚಿಗೆ ಹೋಗುವುದೆಲ್ಲ ತಿರುಗಿಯೇ ಹೋಗಬೇಕು.
ಟಿಕ್ಕು ಹಾಕಿದೆ.

ನುಣುಪು ಕಾಗದ, ಇಸ್ತ್ರಿ ಪೆಟ್ಟಿಗೆಯ ಭಾರ,
ಗಟ್ಟಿ ಡಿಕಾಕ್ಷನ್ನಿನಂಥ ದ್ರಾವಣದಲ್ಲಿ
ಬೇಡದ ತಾಮ್ರವೆಲ್ಲ ಕರಗಿ
ಉಳಿದದ್ದು ನನ್ನ ಗೆರೆ.
ತೊಳೆದು ಬೆಳಕಿಗೆ ಹಿಡಿದೆ.
ತೊಟ್ಟಿ, ಎಂದು ಸಲೀಸಾಗಿ ಓದಿದೆ.

ಬೆಸುಗೆ ಹಾಕುವಾಗ ರಾಳದ ವಾಸನೆ ಹೊಸದು.
ಸೀಸ ಮಾತ್ರ ಹಳೆಯದು.
ಬೆರಳು ಗುರುತು ಹಿಡಿಯಿತು, ನಾನು ಸುಮ್ಮನಿದ್ದೆ.

ಬ್ಯಾಟರಿ ಕೊಟ್ಟೆ. ಕೂಗಲಿಲ್ಲ.
ಚಿಪ್ಪಿನ ಮೇಲೆ ಬೆರಳಿಟ್ಟೆ.
ಚುರ್ರೆಂದಿತು.

ಜೆಸಿಂತಾ ಹಲಗೆ ತಿರುವಿ ಮುರುವಿ ನೋಡಿದಳು.
"ಇದೇನು ಬರೆದಿದ್ದೀರಿ, ತೆಲುಗಾ?"
"ತೊಟ್ಟಿ."
"ಎಲ್ಲಿ?"
ಆರಿದ ಫೋನಿನ ಕಪ್ಪು ಗಾಜಿನೆದುರು ಹಿಡಿದಳು.
ಅಲ್ಲಿತ್ತು ತೊಟ್ಟಿ, ನೆಟ್ಟಗೆ.

ಕಾಗದ ತಾಮ್ರದ ಮೇಲೆ ಮಗುಚಿಕೊಳ್ಳುವಾಗಲೇ
ಒಮ್ಮೆ ತಿರುಗುತ್ತದಂತೆ. ನಾನು ಇನ್ನೊಮ್ಮೆ ತಿರುಗಿಸಿದ್ದೆ.
ಚಿಪ್ಪಿನ ಒಂದನೇ ಕಾಲಿನ ಜಾಗದಲ್ಲಿ ಎಂಟನೆಯದು,
ನೆಲ ಸೇರಬೇಕಾದಲ್ಲಿ ಒಂಬತ್ತು ವೋಲ್ಟು.
ಈ ತಪ್ಪು ಯಾವ ಮಗುವಿಗೂ ಕಾಣುತ್ತಿತ್ತು.
ಕನ್ನಡಿಯೊಳಗೇ ಸಂಬಳ ಎಣಿಸಿದ ಕಣ್ಣಿಗೆ
ಕನ್ನಡಿ ಕಾಣಲಿಲ್ಲ.

"ಎಸೀಬೇಡಿ," ಅಂದಳು.
ಹನ್ನೆರಡು ರೂಪಾಯಿಯ ಹೊಸ ಚಿಪ್ಪು ತಂದು
ಎಂಟೂ ಕಾಲು ಹಿಂದಕ್ಕೆ ಮಡಚಿ ಕೂರಿಸಿದಳು,
ಬೆನ್ನ ಮೇಲೆ ಬಿದ್ದ ಜೀರುಂಡೆ.
ಮರುದಿನ ಬೆಳಗಿನ ಐದೂಕಾಲಿಗೆ ಅದು ಅರಚಿತು ನೋಡಿ,
ಮಹಡಿಯ ಕಮಲಾಕ್ಷಮ್ಮ
ತೊಟ್ಟಿಗೆ ಬೆಕ್ಕು ಬಿತ್ತೆಂದು ಕೋಲು ಹಿಡಿದೇ ಬಂದರು.

ಈಗ ಎರಡನೆಯ ಹಲಗೆ.
ಆ ಚೌಕ ಮತ್ತೆ ಕೇಳುತ್ತಿದೆ.
ಮುಟ್ಟದೆ ಹಾಗೇ ಪ್ರಿಂಟು ತೆಗೆದು
ಜೆಸಿಂತಾಳ ಕೈಗೆ ಕಾಗದ ಕೊಟ್ಟೆ:
"ಓದು ನೋಡುವಾ.
ನಿನಗೆ ಕಷ್ಟವಾದರೆ
ಸರಿಯಾಗಿದೆ."